ನಕ್ಷೆಯಲ್ಲಿ ಹಸಿರು ಕಂಡ ಮಾತ್ರಕ್ಕೆ ಬಯಲು ಖಾಲಿ ಅಲ್ಲ

ದೊಮ್ಮಲೂರಿನ ನಮ್ಮ ಬಾಡಿಗೆ ಮನೆಯ ಟೆರೇಸಿನಲ್ಲಿ ನಿಂತರೆ ಹೆಲಿಕಾಪ್ಟರ್ ಸದ್ದು ಕೇಳದ ದಿನ ಇಲ್ಲ. ಎಚ್‌ಎಎಲ್ ವಿಮಾನ ನಿಲ್ದಾಣ ಇಲ್ಲಿಂದ ಎರಡು-ಮೂರು ಕಿಲೋಮೀಟರ್ ಅಷ್ಟೇ. ಫೈಟರ್ ಜೆಟ್ ಎದ್ದ ದಿನ ಫೋನಲ್ಲಿ ಮಾತಾಡ್ತಿದ್ದವರು ಎರಡು ನಿಮಿಷ ಸುಮ್ಮನಾಗ್ತೀವಿ, ಸದ್ದು ದೂರ ಆದಮೇಲೆ ಬಿಟ್ಟಲ್ಲಿಂದ ಮುಂದುವರಿಸ್ತೀವಿ. ಈ ಏರಿಯಾದಲ್ಲಿ ಇದು ಯಾರಿಗೂ ವಿಶೇಷ ಅನ್ನಿಸಲ್ಲ.

ಅಂಥ ಟೆರೇಸಿನಲ್ಲಿ ಒಂದು ಭಾನುವಾರ ನಾನು ನನ್ನ ಡ್ರೋನ್ ಬಿಚ್ಚಿದೆ. ಸೆಕೆಂಡ್ ಹ್ಯಾಂಡಲ್ಲಿ ತಗೊಂಡದ್ದು, 249 ಗ್ರಾಂ. ಸಿಂಟೆಕ್ಸ್ ಟ್ಯಾಂಕಿನ ಎತ್ತರಕ್ಕೆ ಒಂದೇ ನಿಮಿಷ ಏರಿಸಿದ್ದೆ. ಎದುರು ಮನೆಯ ಅಜ್ಜಿ ಹಪ್ಪಳ ಒಣಗಿಸ್ತಾ ಇದ್ದವರು ತಲೆ ಎತ್ತಿ ಕೇಳಿದರು: ‘ಏನಪ್ಪಾ ಅದು? ನಮ್ಮ ಬಚ್ಚಲು ಕಿಟಕಿ ಕಡೆಗೇ ತಿರುಗಿದೆಯಲ್ಲ?’

ಕ್ಯಾಮೆರಾ ಆನ್ ಆಗಿರಲಿಲ್ಲ. ಆದರೆ ಅದು ಅವರಿಗೆ ಹೇಗೆ ಗೊತ್ತಾಗಬೇಕು? ಕೆಳಗಿಳಿಸಿದೆ. ಆಮೇಲೆ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ: ಕೇಂದ್ರ ಸರ್ಕಾರದ ಡ್ರೋನ್ ನಕ್ಷೆ ತೆರೆದೆ. ದೊಮ್ಮಲೂರು ಪೂರ್ತಿ ಕೆಂಪು.

ಡ್ರೋನ್ ಈಗ ನಮ್ಮ ತಲೆಮಾರಿನ ಸಾಮಾನ್ಯ ವಸ್ತು. ಮದುವೆ ವಿಡಿಯೊ, ಟ್ರೆಕ್ಕಿಂಗ್ ರೀಲ್, ಚುನಾವಣಾ ರೋಡ್ ಶೋ, ಎಲ್ಲದಕ್ಕೂ ಅದು ಬೇಕು. ‘ಜವಾಬ್ದಾರಿಯಿಂದ ಹಾರಿಸಿ’ ಅಂತ ಎಲ್ಲರೂ ಹೇಳ್ತಾರೆ. ಹಾಗಂದರೆ ‘ಕೆಂಪು ಇರುವಲ್ಲಿ ಬೇಡ, ಹಸಿರು ಇರುವಲ್ಲಿ ಸರಿ’ ಅಂತ ನಾವು ಅರ್ಥ ಮಾಡ್ಕೋತೀವಿ. ಈ ಅರ್ಥದಲ್ಲಿ ಒಂದು ದೊಡ್ಡ ತಪ್ಪಿದೆ. ಅದು ನನಗೆ ತಿಳಿದದ್ದು ದೊಮ್ಮಲೂರಿನಲ್ಲಲ್ಲ, ಮಧುಗಿರಿ ಕಡೆಯ ಒಂದು ಬಯಲಿನಲ್ಲಿ. ಅಲ್ಲಿಗೆ ಹೋಗೋ ಮೊದಲು ಈ ಬಣ್ಣಗಳ ಲೆಕ್ಕ ನೋಡೋಣ.

ಕೆಂಪು ಯಾಕೆ ಕೆಂಪು

2021ರ ಜೂನ್ 27ರಂದು ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನ್ ಬಳಸಿ ಸ್ಫೋಟಕ ಹಾಕಿದರು. ಇನ್ನು ಡ್ರೋನ್ ಕಾನೂನು ಬಿಗಿಯಾಗುತ್ತೆ ಅಂತ ಬಹಳ ಜನ ಅಂದುಕೊಂಡರು. ಆದದ್ದು ಉಲ್ಟಾ. ಎರಡು ತಿಂಗಳಿಗೆ, ಆಗಸ್ಟ್ 25ರಂದು ಬಂದ ‘ಡ್ರೋನ್ ನಿಯಮಗಳು, 2021’ ಅರ್ಜಿ, ಶುಲ್ಕ, ಪರವಾನಗಿಗಳ ದೊಡ್ಡ ಕಂತೆಯನ್ನೇ ಕತ್ತರಿಸಿದವು. 2030ರ ಹೊತ್ತಿಗೆ ಭಾರತ ಜಗತ್ತಿನ ಡ್ರೋನ್ ಹಬ್ ಆಗಬೇಕು ಅನ್ನೋದು ಸರ್ಕಾರದ ಗುರಿ. ಉದ್ಯಮ ಬೆಳೀಬೇಕು ಅಂದರೆ ನಿಯಮ ಸಡಿಲ ಆಗಬೇಕು ಅನ್ನೋದು ಅದರ ಹಿಂದಿನ ತರ್ಕ.

ಆ ನಿಯಮಗಳ ಪ್ರಕಾರ ದೇಶದ ಆಕಾಶ ಮೂರು ಬಣ್ಣ. ಕೆಂಪು ಅಂದರೆ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸೋ ಹಾಗೇ ಇಲ್ಲ. ಹಳದಿ ಅಂದರೆ ವಾಯು ಸಂಚಾರ ನಿಯಂತ್ರಣದವರ ಅನುಮತಿ ಬೇಕು. ಹಸಿರು ಅಂದರೆ 400 ಅಡಿವರೆಗೆ, ಅಂದರೆ 120 ಮೀಟರ್‌ವರೆಗೆ, ಅಂಥ ಅನುಮತಿ ಬೇಡ. ವಿಮಾನ ನಿಲ್ದಾಣದ ಬೇಲಿಯಿಂದ 5ರಿಂದ 8 ಕಿಲೋಮೀಟರ್ ದೂರದಲ್ಲಿ ನೆಲದಿಂದಲೇ ಹಳದಿ. 8ರಿಂದ 12 ಕಿಲೋಮೀಟರ್ ದೂರದಲ್ಲಿ 200 ಅಡಿವರೆಗೆ ಹಸಿರು, ಅದರ ಮೇಲೆ ಹಳದಿ. ಮೊದಲು ಈ ಹಳದಿ 45 ಕಿಲೋಮೀಟರ್‌ವರೆಗೆ ಹಬ್ಬಿತ್ತು. ಇದಲ್ಲದೆ ರಾಜ್ಯ ಸರ್ಕಾರ ಬೇಕಾದಾಗ ಒಂದು ಪ್ರದೇಶವನ್ನು ಒಂದು ಸಲಕ್ಕೆ 96 ಗಂಟೆವರೆಗೆ ತಾತ್ಕಾಲಿಕ ಕೆಂಪು ಅಂತ ಘೋಷಿಸಬಹುದು. ಹಾಗಾಗಿ ನಿನ್ನೆ ನೋಡಿದ ನಕ್ಷೆ ಇವತ್ತಿಗೆ ಲೆಕ್ಕಕ್ಕಿಲ್ಲ.

ದೊಮ್ಮಲೂರು ಕೆಂಪಾಗಿರೋದಕ್ಕೆ ಕಾರಣ ಹುಡುಕೋಕೆ ದೂರ ಹೋಗಬೇಕಿಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಶುರುವಾದ ಮೇಲೆ ಎಚ್‌ಎಎಲ್‌ನಿಂದ ನಾವು ಟಿಕೆಟ್ ತಗೊಂಡು ಹೋಗೋ ವಿಮಾನಗಳು ನಿಂತವು ನಿಜ. ಆದರೆ ನಿಲ್ದಾಣ ನಿಲ್ಲಲಿಲ್ಲ. ವಾಯುಪಡೆಯ ಪರೀಕ್ಷಾ ಪೈಲಟ್‌ಗಳು ಅಲ್ಲೇ ಹಾರ್ತಾರೆ. ತೇಜಸ್ 2001ರ ಜನವರಿ 4ರಂದು ಮೊದಲು ಎದ್ದದ್ದು ಅಲ್ಲಿಂದಲೇ. 2019ರ ಫೆಬ್ರುವರಿ 1ರಂದು ಮಿರಾಜ್-2000 ವಿಮಾನ ಬಿದ್ದು ಇಬ್ಬರು ಪೈಲಟ್‌ಗಳು ಸತ್ತದ್ದೂ ಅಲ್ಲೇ. ಆ ಅಪಘಾತಕ್ಕೂ ಡ್ರೋನ್‌ಗೂ ಸಂಬಂಧ ಇಲ್ಲ. ಆದರೆ ಪರೀಕ್ಷಾ ಹಾರಾಟದಲ್ಲಿ ತಪ್ಪಿಗೆ ಎಷ್ಟು ಕಡಿಮೆ ಜಾಗ ಇರುತ್ತೆ ಅನ್ನೋದನ್ನು ಈ ಭಾಗದ ಜನ ಅವತ್ತು ಕಣ್ಣಾರೆ ನೋಡಿದ್ದಾರೆ. ಅಂಥ ಆಕಾಶಕ್ಕೆ ನನ್ನ ಭಾನುವಾರದ ಹವ್ಯಾಸ ನುಗ್ಗಬಾರದು. ಇಲ್ಲಿ ಕೆಂಪು ನ್ಯಾಯವಾಗಿದೆ.

249 ಗ್ರಾಂ ಅನ್ನೋ ಸಮಾಧಾನ

‘ಅಯ್ಯೋ, 250 ಗ್ರಾಂ ಒಳಗಿದೆ, ನ್ಯಾನೊ ಡ್ರೋನು, ಏನೂ ಆಗಲ್ಲ’ ಅಂತ ಮಾರುವವರೂ ಹೇಳ್ತಾರೆ, ಸ್ನೇಹಿತರೂ ಹೇಳ್ತಾರೆ. ನಿಯಮದಲ್ಲಿ ನ್ಯಾನೊಗೆ ರಿಯಾಯಿತಿ ಇರೋದು ನಿಜ. ಅದಕ್ಕೆ ಪೈಲಟ್ ಪ್ರಮಾಣಪತ್ರ ಬೇಡ, ಮೂರನೇ ವ್ಯಕ್ತಿ ವಿಮೆಯೂ ಬೇಡ. ಎರಡು ಕೆಜಿ ಒಳಗಿನ ಡ್ರೋನನ್ನು ದುಡಿಮೆಗಲ್ಲದೆ ಹವ್ಯಾಸಕ್ಕೆ ಹಾರಿಸುವವರಿಗೂ ಪ್ರಮಾಣಪತ್ರ ಬೇಡ ಅಂತ 2022ರ ತಿದ್ದುಪಡಿ ಹೇಳಿತು. ಆದರೆ ಕೆಂಪು ವಲಯದಲ್ಲಿ 249 ಗ್ರಾಂ ಕೂಡ ತಪ್ಪೇ.

2025ರ ಜನವರಿ 9ರಂದು ಲಾಸ್ ಏಂಜಲೀಸ್‌ನಲ್ಲಿ ಕಾಳ್ಗಿಚ್ಚು ಊರನ್ನೇ ಸುಡ್ತಿತ್ತು. ಒಬ್ಬ ವ್ಯಕ್ತಿ ಪಾರ್ಕಿಂಗ್ ಕಟ್ಟಡದ ಮೇಲೆ ನಿಂತು ಬೆಂಕಿ ನೋಡೋಕೆ ಪುಟ್ಟ ಡ್ರೋನ್ ಹಾರಿಸಿದ. ನನ್ನ ಬಳಿ ಇರೋ ತೂಕದ್ದೇ. ಎರಡೂವರೆ ಕಿಲೋಮೀಟರ್ ದೂರ ಹೋಗಿ ಅದು ಕಣ್ಮರೆಯಾಯಿತು. ನೀರು ಸುರಿಯುತ್ತಿದ್ದ ಸೂಪರ್ ಸ್ಕೂಪರ್ ವಿಮಾನದ ರೆಕ್ಕೆಗೆ ಬಡಿದು ತೂತು ಮಾಡಿತು. ವಿಮಾನ ಸುರಕ್ಷಿತವಾಗಿ ಇಳಿಯಿತು, ಆದರೆ ಊರಿಗೆ ಬೆಂಕಿ ಬಿದ್ದಿರೋ ಹೊತ್ತಲ್ಲಿ ರಿಪೇರಿಗೆ ಹೋಗಿ ನಿಂತಿತು. 2018ರ ಡಿಸೆಂಬರ್‌ನಲ್ಲಿ ಲಂಡನ್ನಿನ ಗ್ಯಾಟ್‌ವಿಕ್‌ನಲ್ಲಿ ಡ್ರೋನ್ ಕಂಡಿತು ಅನ್ನೋ ವರದಿಯಿಂದಲೇ ಸುಮಾರು 1,000 ವಿಮಾನಗಳ ಸಂಚಾರ ಕೆಟ್ಟು, 1,40,000 ಪ್ರಯಾಣಿಕರು ಸಿಕ್ಕಿಹಾಕಿಕೊಂಡರು. ಸಣ್ಣದು ಅಂದರೆ ನಿರಪಾಯ ಅಂತ ಅಲ್ಲ.

ಕೆಂಪು ದಾಟಿ ಬಯಲಿಗೆ

ಹಾಗಾದರೆ ಬೆಂಗಳೂರಿನವರು ಎಲ್ಲಿ ಹಾರಿಸಬೇಕು? ಪೂರ್ವಕ್ಕೆ ಎಚ್‌ಎಎಲ್, ಉತ್ತರಕ್ಕೆ ಜಕ್ಕೂರು, ಯಲಹಂಕ ವಾಯುನೆಲೆ, ಅದರಾಚೆ ದೇವನಹಳ್ಳಿ. ನಕ್ಷೆಯಲ್ಲಿ ನಗರದ ಮೇಲೆ ವೃತ್ತದ ಮೇಲೆ ವೃತ್ತ. ಹವ್ಯಾಸದವರು ಶನಿವಾರ ಬೆಳಗಿನ ಜಾವ ಬೈಕ್ ಹತ್ತಿ ಹೊರಗೆ ಹೋಗ್ತಾರೆ. ನಂದಿಬೆಟ್ಟದ ಜನಜಂಗುಳಿ ಬೇಡ ಅನ್ನುವವರು ಇನ್ನೂ ಆಚೆ, ಕೊರಟಗೆರೆ, ಮಧುಗಿರಿ, ಪಾವಗಡದ ಕಡೆ.

ಅಮೆರಿಕದವರಿಗೆ ಡ್ರೋನ್ ಅಂದರೆ ಮೊದಲು ನೆನಪಾಗೋದು ಮರುಭೂಮಿಯ ಪಾರ್ಕುಗಳು: ಮರ ಇಲ್ಲ, ತಂತಿ ಇಲ್ಲ, ಜನ ಇಲ್ಲ, ಬೇಕಾದಷ್ಟು ಆಕಾಶ. ನಮ್ಮ ರಾಜ್ಯದಲ್ಲಿ ಮರುಭೂಮಿ ಇಲ್ಲ, ಬಯಲುಸೀಮೆ ಇದೆ. ನಗರದ ಹುಡುಗರ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತೆ: ಒಣ ಹುಲ್ಲು, ಬಂಡೆ, ಜಾಲಿ, ‘ಏನೂ ಇಲ್ಲ’.

ನಾನೂ ಹಾಗೇ ಹೋದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಇದೆ, 798 ಎಕರೆ ಹುಲ್ಲುಗಾವಲು. ಅದರೊಳಗೆ ಡ್ರೋನ್ ಬಿಡಬಾರದು ಅನ್ನೋ ಬುದ್ಧಿ ಇತ್ತು. ಅದಕ್ಕೇ ಗಡಿಯಿಂದ ದೂರದಲ್ಲಿ, ಒಂದು ಬೀಳುಬಿದ್ದ ಹೊಲದ ಪಕ್ಕ ಬೈಕ್ ನಿಲ್ಲಿಸಿದೆ. ನಕ್ಷೆ ನೋಡಿದೆ, ಹಸಿರು. ಗಾಳಿ ನೋಡಿದೆ, ಕಡಿಮೆ. ಬ್ಯಾಟರಿ ಪೂರ್ತಿ. ಪಟ್ಟಿಯಲ್ಲಿ ಇರೋದೆಲ್ಲ ಮಾಡಿದ್ದೆ.

ಡ್ರೋನ್ ಐವತ್ತು ಮೀಟರ್ ಏರಿರಬಹುದು. ಹೊಲದಾಚೆ ನನಗೆ ಕಾಣದೇ ಇದ್ದ ಏಳೆಂಟು ಕೃಷ್ಣಮೃಗ ಒಟ್ಟಿಗೇ ತಲೆ ಎತ್ತಿದವು, ಮರುಕ್ಷಣ ಓಡಿದವು. ಅವುಗಳಿಗೆ ಮೀಸಲಿನ ಗಡಿ ಎಲ್ಲಿ ಮುಗಿಯುತ್ತೆ ಅಂತ ಯಾರೂ ಹೇಳಿಕೊಟ್ಟಿಲ್ಲವಲ್ಲ. ಅವು ಓಡಿದ ದಿಕ್ಕಿನಲ್ಲೇ ಒಂದು ಕುರಿಮಂದೆ ಇತ್ತು. ಕುರಿಗಳೂ ಚೆದುರಿದವು. ಹೆಗಲ ಮೇಲೆ ಕಂಬಳಿ ಹೊದ್ದಿದ್ದ ಒಬ್ಬ ಹಿರಿಯರು ಕೋಲು ಎತ್ತಿಕೊಂಡು ನನ್ನ ಕಡೆ ಬಂದರು.

ಬೈತಾರೆ ಅಂದುಕೊಂಡೆ. ಬೈಯಲಿಲ್ಲ. ಎರಡು ಪ್ರಶ್ನೆ ಕೇಳಿದರು. ‘ಯಾವ ಆಫೀಸಿನೋರು ಸಾಮಿ? ಇದೂ ಸೋಲಾರ್‌ಗೆ ಹೋಯ್ತಾ?’

ಹವ್ಯಾಸಕ್ಕೆ ಹಾರಿಸ್ತಿದ್ದೀನಿ ಅಂದರೆ ಅವರು ನಂಬಲಿಲ್ಲ. ಅಷ್ಟು ದೂರದಿಂದ ಸುಮ್ಮನೆ ಯಾರಾದರೂ ಬರ್ತಾರಾ? ಅವರ ಅನುಭವದಲ್ಲಿ ಮೇಲಿಂದ ನೋಡುವವರು ಬಂದ ಮೇಲೆ ಕೆಳಗಿನ ನೆಲ ಮೊದಲಿನ ಹಾಗೆ ಇರಲ್ಲ.

ಓಡದೇ ಇದ್ದರೂ ಎದೆ ಬಡಿಯುತ್ತೆ

ಮೊದಲು ಪ್ರಾಣಿಗಳ ವಿಷಯ. ‘ಪ್ರಾಣಿ ಓಡಲಿಲ್ಲ ಅಂದರೆ ತೊಂದರೆ ಆಗಿಲ್ಲ’ ಅಂತ ನಾವು ಅಂದುಕೊಳ್ತೀವಿ. ಅಮೆರಿಕದ ಮಿನ್ನೆಸೋಟದಲ್ಲಿ ಕರಿ ಕರಡಿಗಳಿಗೆ ಎದೆಬಡಿತ ಅಳೆಯುವ ಸಾಧನ ಅಳವಡಿಸಿ, ಮೇಲೆ ಡ್ರೋನ್ ಹಾರಿಸಿ ನೋಡಿದರು. 2015ರಲ್ಲಿ ‘ಕರೆಂಟ್ ಬಯಾಲಜಿ’ ಪತ್ರಿಕೆಯಲ್ಲಿ ಅದರ ಫಲಿತಾಂಶ ಬಂತು. ಹೊರಗೆ ನೋಡಿದರೆ ಹೆಚ್ಚಿನ ಕರಡಿಗಳು ಕದಲಲಿಲ್ಲ. ಒಳಗೆ ಎದೆಬಡಿತ ಏರಿತ್ತು. ಒಂದು ಕರಡಿಯದ್ದು ನಿಮಿಷಕ್ಕೆ 123ರಷ್ಟು ಹೆಚ್ಚಾಗಿತ್ತು. ನಮ್ಮ ರೀಲ್‌ನಲ್ಲಿ ‘ಶಾಂತವಾಗಿ ನಿಂತ’ ಪ್ರಾಣಿ ನಿಜವಾಗಿ ಶಾಂತವಾಗಿರುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಹಕ್ಕಿಗಳ ಕಥೆ ಇನ್ನೂ ಕಷ್ಟದ್ದು. 2021ರ ಮೇನಲ್ಲಿ ಕ್ಯಾಲಿಫೋರ್ನಿಯಾದ ಬೋಲ್ಸಾ ಚೀಕಾ ಜೌಗಿನಲ್ಲಿ ಅಕ್ರಮವಾಗಿ ಹಾರಿಸಿದ ಒಂದು ಡ್ರೋನ್, ಟರ್ನ್ ಹಕ್ಕಿಗಳು ನೆಲದ ಮೇಲೆ ಗೂಡು ಮಾಡಿದ್ದ ದ್ವೀಪಕ್ಕೆ ಬಿತ್ತು. ಹೆದರಿದ ಹಕ್ಕಿಗಳು ವಾಪಸ್ ಬರಲೇ ಇಲ್ಲ. 1,500ಕ್ಕೂ ಹೆಚ್ಚು ಮೊಟ್ಟೆ ಹಾಳಾದವು. ನಮ್ಮ ಬಯಲಿನ ಟಿಟ್ಟಿಭ, ಗೌಜಲಕ್ಕಿ, ನೆಲಗುಬ್ಬಿಗಳೂ ಮೊಟ್ಟೆ ಇಡೋದು ನೆಲದ ಮೇಲೇ. ಮೇಲೆ ಗಿಡುಗ ಬಂದರೆ ಹೇಗೆ ಎದ್ದು ಕಿರುಚ್ತಾವೋ, ಡ್ರೋನ್ ಬಂದರೂ ಹಾಗೇ. ಅವು ಎದ್ದ ಅಷ್ಟು ಹೊತ್ತು ಮೊಟ್ಟೆ ಬಿಸಿಲಿಗೆ ಬಿದ್ದಿರುತ್ತೆ.

2014ರ ಏಪ್ರಿಲ್‌ನಲ್ಲಿ ಅಮೆರಿಕದ ಜಯಾನ್ ರಾಷ್ಟ್ರೀಯ ಉದ್ಯಾನದಲ್ಲಿ, ಅದೂ ಒಣಸೀಮೆಯೇ, ಡ್ರೋನ್ ಸದ್ದಿಗೆ ಕಾಡುಕುರಿಗಳ ಹಿಂಡು ಚೆದುರಿ ಮರಿಗಳು ದೊಡ್ಡವುಗಳಿಂದ ಬೇರೆಯಾದವು. ಅದೇ ಜೂನ್‌ನಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲೆಲ್ಲ ಡ್ರೋನ್ ಹಾರಿಸೋದನ್ನು ನಿಲ್ಲಿಸುವ ಆದೇಶ ಬಂತು. ಡೆತ್ ವ್ಯಾಲಿ, ಜೋಶುವಾ ಟ್ರೀಯಂಥ ಮರುಭೂಮಿಗಳಿಗೂ ಅದು ಅನ್ವಯ. ‘ಅಲ್ಲಿ ಏನಿದೆ?’ ಅಂತ ಅವರು ಕೇಳಲಿಲ್ಲ.

ನಮ್ಮಲ್ಲಿ ಕಾನೂನು ಇಲ್ಲ ಅಂತೇನಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಅಭಯಾರಣ್ಯದೊಳಗೆ ವನ್ಯಪ್ರಾಣಿಯನ್ನು ಕೆಣಕೋದನ್ನೇ ನಿಷೇಧಿಸುತ್ತೆ. ಸಂರಕ್ಷಣಾ ಮೀಸಲುಗಳಿಗೂ ಅದು ಅನ್ವಯ. ಅಭಯಾರಣ್ಯಕ್ಕೆ ಹೋಗೋಕೆ, ಫೋಟೊ ತೆಗೆಯೋಕೆ ಅರಣ್ಯ ಇಲಾಖೆ ಪರವಾನಗಿ ಕೊಡಬೇಕು. ಕೃಷ್ಣಮೃಗ ಒಂದನೇ ಪರಿಶಿಷ್ಟದ ಪ್ರಾಣಿ. ಆ ಕಾಯ್ದೆಯಲ್ಲಿ ‘ಬೇಟೆ’ ಅನ್ನೋ ಪದದೊಳಗೆ ಪ್ರಾಣಿಯನ್ನು ಅಟ್ಟೋದೂ ಸೇರುತ್ತೆ. ಒಳ್ಳೆ ಶಾಟ್ ಸಿಗಲಿ ಅಂತ ಹಿಂಡಿನ ಹಿಂದೆ ಡ್ರೋನ್ ಓಡಿಸುವವರು ಈ ಸಾಲನ್ನು ಒಂದು ಸಲ ಓದಬೇಕು.

ಅಂದರೆ ವಿಮಾನಯಾನದ ನಕ್ಷೆಯ ಹಸಿರು ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡುತ್ತೆ: ‘ಇಲ್ಲಿ ವಿಮಾನಕ್ಕೆ ತೊಂದರೆ ಆಗುತ್ತಾ?’ ಕೆಳಗೆ ಯಾರಿದ್ದಾರೆ ಅನ್ನೋದು ಆ ನಕ್ಷೆಯ ಪ್ರಶ್ನೆಯೇ ಅಲ್ಲ. ಅದನ್ನು ನಾವೇ ಕೇಳಿಕೊಳ್ಳಬೇಕು.

‘ಪಾಳು’ ಅನ್ನೋ ಪದದ ರಾಜಕೀಯ

ಈಗ ಆ ಹಿರಿಯರ ಪ್ರಶ್ನೆ. ಮಧುಗಿರಿಯ ಪಕ್ಕದ ತಾಲ್ಲೂಕು ಪಾವಗಡ. ಅಲ್ಲಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. 2018ರ ಮಾರ್ಚ್‌ನಲ್ಲಿ ಅದರ ಉದ್ಘಾಟನೆ ಆಯಿತು. ಜಮೀನು ಕಿತ್ತುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಮಳೆಯೇ ಬಾರದ ಊರಲ್ಲಿ ಜಮೀನು ಇದ್ದವರಿಗೆ ಅದು ಸಣ್ಣ ಮೊತ್ತ ಅಲ್ಲ. ಆದರೆ ಜಮೀನು ಇಲ್ಲದ ಕೂಲಿಯವರಿಗೆ, ಬೇರೆಯವರ ಬೀಳಿನಲ್ಲಿ ಕುರಿ ಮೇಯಿಸುವವರಿಗೆ ಯಾವ ಗುತ್ತಿಗೆ ಹಣ? ಬೇಲಿ ಬಂತು, ಮೇವು ಹೋಯಿತು. ಹಾಗಾಗಿ ಕುರಿ ಕಾಯುವ ಒಬ್ಬರಿಗೆ ಡ್ರೋನ್ ಕಂಡಾಗ ಸೋಲಾರ್ ನೆನಪಾಗೋದರಲ್ಲಿ ಆಶ್ಚರ್ಯ ಏನಿದೆ? 2020ರ ಏಪ್ರಿಲ್‌ನಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆ-ನಿವೇಶನ ಅಳೆಯೋದೂ ಡ್ರೋನೇ. ಹಳ್ಳಿಯಲ್ಲಿ ಡ್ರೋನ್ ಅಂದರೆ ಅಳತೆ, ಅಳತೆ ಅಂದರೆ ದಾಖಲೆ, ದಾಖಲೆ ಅಂದರೆ ಲಾಭವೋ ನಷ್ಟವೋ ಒಂದು.

ಇನ್ನೊಂದಿಷ್ಟು ವಾಯವ್ಯಕ್ಕೆ ಹೋದರೆ ಚಿತ್ರದುರ್ಗದ ಚಳ್ಳಕೆರೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಬಿಟ್ಟಿದ್ದ ಕಾವಲುಗಳು ಅಲ್ಲಿವೆ. ಕುದಾಪುರ, ವರವು, ಉಳ್ಳಾರ್ತಿ ಸುತ್ತಿನ ಹಳ್ಳಿಯವರು ತಲೆತಲಾಂತರದಿಂದ ಅಲ್ಲಿ ದನ-ಕುರಿ ಮೇಯಿಸಿದವರು. 2008ರ ನಂತರ ಅಲ್ಲಿನ ಸಾವಿರಾರು ಎಕರೆಯನ್ನು ಡಿಆರ್‌ಡಿಒ, ಬಾರ್ಕ್, ಇಸ್ರೊ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗೆ ಕೊಟ್ಟರು. ವಿಜ್ಞಾನ ಸಂಸ್ಥೆಗೇ 1,500 ಎಕರೆ. ಗೋಡೆ ಎದ್ದಾಗ ಹಳ್ಳಿಯವರು ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿಗೂ ಹೋಯಿತು. 2017ರ ಮೇ 28ರಂದು ಅಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಅಲ್ಲಿ ಮುಖ್ಯವಾಗಿ ಹಾರೋದೂ ಡ್ರೋನೇ, ದೊಡ್ಡ ಡ್ರೋನ್.

ಅವುಗಳನ್ನು ರೂಪಿಸುವ ಎಡಿಇ ಪ್ರಯೋಗಾಲಯ ಎಲ್ಲಿದೆ ಗೊತ್ತಾ? ದೊಮ್ಮಲೂರಿನಿಂದ ಕೆಲವೇ ಕಿಲೋಮೀಟರ್ ದೂರದ ಸಿ.ವಿ. ರಾಮನ್ ನಗರದಲ್ಲಿ. ನಮ್ಮ ಪೂರ್ವ ಬೆಂಗಳೂರಿನಲ್ಲಿ ಹುಟ್ಟುವ ಡ್ರೋನ್ ಪರೀಕ್ಷೆಗೆ ಬಯಲುಸೀಮೆಗೆ ಹೋಗುತ್ತೆ, ಯಾಕೆಂದರೆ ಇಲ್ಲಿ ಜನ ಇದ್ದಾರೆ, ಅಲ್ಲಿ ‘ಜಾಗ’ ಇದೆ. 2019ರ ಸೆಪ್ಟೆಂಬರ್‌ನಲ್ಲಿ ರುಸ್ತುಂ-2 ಅಲ್ಲಿನ ಹೊಲಕ್ಕೆ ಬಿತ್ತು. 2023ರ ಆಗಸ್ಟ್ 20ರಂದು ತಪಸ್ ಡ್ರೋನ್ ಹಿರಿಯೂರು ತಾಲ್ಲೂಕಿನ ವದ್ದೀಕೆರೆ ಬಳಿ ಹೊಲದಲ್ಲೇ ಬಿದ್ದು ಚೂರಾಯಿತು. ಎರಡು ಸಲವೂ ಯಾರ ಜೀವಕ್ಕೂ ಅಪಾಯ ಆಗಲಿಲ್ಲ. ದೇಶಕ್ಕೆ ರಕ್ಷಣಾ ಸಂಶೋಧನೆ ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ‘ಖಾಲಿ ಜಾಗದಲ್ಲಿ ಪರೀಕ್ಷೆ’ ಅನ್ನೋ ಮಾತು ಬಿದ್ದ ಡ್ರೋನಿನ ಸುತ್ತ ನಿಂತಿದ್ದ ರೈತರನ್ನು ಲೆಕ್ಕಕ್ಕೇ ತಗೊಂಡಿಲ್ಲ.

ಸರ್ಕಾರಿ ಕಡತದಲ್ಲಿ ಇಂಥ ಹುಲ್ಲುಗಾವಲಿಗೆ ಬಹಳ ಕಾಲದಿಂದ ಇರುವ ಹೆಸರು ‘ಪಾಳುಭೂಮಿ’. ಪಾಳು ಅಂತ ಒಮ್ಮೆ ಬರೆದರೆ ಆಮೇಲೆ ಅದನ್ನು ಯಾರಿಗೆ ಬೇಕಾದರೂ ಕೊಡಬಹುದು. ಈ ಆಟ ನಮ್ಮ ದೊಮ್ಮಲೂರಿಗೂ ಹೊಸದಲ್ಲ. ಇಲ್ಲಿನ ಕೆರೆ ಬಿಡಿಎ ಬಡಾವಣೆ ಆಯಿತು. ಪಕ್ಕದ ಚಲ್ಲಘಟ್ಟ ಕೆರೆಯ ಜಾಗದಲ್ಲಿ ಇವತ್ತು ಗಾಲ್ಫ್ ಮೈದಾನ ಇದೆ. ‘ನೀರಿಲ್ಲ, ಖಾಲಿ ಇದೆ’ ಅಂತ ಯಾರೋ ಒಂದು ದಿನ ಬರೆದಿರಬೇಕು.

ನಾನು ಆ ಹೊಲದ ಪಕ್ಕ ನಿಂತು ‘ಇಲ್ಲಿ ಯಾರೂ ಇಲ್ಲ’ ಅಂದುಕೊಂಡದ್ದೂ ಅದೇ ಕಣ್ಣಿನಿಂದ. ಸರ್ಕಾರದ್ದು ಸಾವಿರಾರು ಎಕರೆ, ನನ್ನದು ಇಪ್ಪತ್ತು ನಿಮಿಷದ ಬ್ಯಾಟರಿ. ಅಳತೆ ಬೇರೆ, ನೋಟ ಒಂದೇ.

ಯಾರ ಡ್ರೋನ್, ಯಾರ ಮೇಲೆ

ಇದನ್ನು ಹೇಳಿದರೆ ಕೆಲವರು ತಕ್ಷಣ ‘ಹಾಗಾದ್ರೆ ಬ್ಯಾನ್ ಮಾಡಿ’ ಅಂತಾರೆ. ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಸಾಮಾನ್ಯರ ಕೈಯಿಂದ ಡ್ರೋನ್ ಕಿತ್ತುಕೊಂಡರೆ ಆಕಾಶವೇನೂ ಖಾಲಿ ಆಗಲ್ಲ, ಅಧಿಕಾರ ಇದ್ದವರ ಕೈಯಲ್ಲಿ ಮಾತ್ರ ಉಳಿಯುತ್ತೆ. 2024ರ ಫೆಬ್ರುವರಿ 13ರಂದು ಶಂಭು ಗಡಿಯಲ್ಲಿ ಹರಿಯಾಣ ಪೊಲೀಸರು ರೈತರ ಮೇಲೆ ಡ್ರೋನಿನಿಂದ ಅಶ್ರುವಾಯು ಹಾಕಿದ್ದನ್ನು ನೋಡಿದ್ದೇವೆ. ರೈತರು ಅದನ್ನು ಎದುರಿಸೋಕೆ ಗಾಳಿಪಟ ಹಾರಿಸಿದರು. ಅಕ್ರಮ ಗಣಿ, ಒತ್ತುವರಿಯಾದ ಕೆರೆ, ಸುರಿದ ಕಸ ಇದನ್ನೆಲ್ಲ ದಾಖಲಿಸೋಕೆ ನಾಗರಿಕರಿಗೂ ಪತ್ರಕರ್ತರಿಗೂ ಮೇಲಿನ ಕಣ್ಣು ಬೇಕು.

2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಾಗರಿಕ ಡ್ರೋನ್ ಮಸೂದೆಯ ಕರಡು ಹೊರತಂದಿತು. ಈಗಿನ ನಿಯಮಗಳಲ್ಲಿ ಹೆಚ್ಚೆಂದರೆ ಒಂದು ಲಕ್ಷ ರೂಪಾಯಿ ದಂಡ. ಕರಡಿನಲ್ಲಿ ಜೈಲು ಶಿಕ್ಷೆ ಬಂತು, ಪೊಲೀಸರಿಗೆ ಡ್ರೋನ್ ಜಪ್ತಿ ಮಾಡುವ ಅಧಿಕಾರವೂ ಬಂತು. ಕೆಂಪು ವಲಯಕ್ಕೆ ನುಗ್ಗುವವರಿಗೆ ಬಿಸಿ ಮುಟ್ಟಬೇಕು, ಸರಿ. ಆದರೆ ಠಾಣೆಯ ಮಟ್ಟದಲ್ಲಿ ಆ ಅಧಿಕಾರ ಯಾರ ಮೇಲೆ ಮೊದಲು ಬೀಳುತ್ತೆ? ಗಣಿ ಕಂಪನಿಯ ಡ್ರೋನ್ ಮೇಲೋ, ಗಣಿಯ ಚಿತ್ರ ತೆಗೆದ ಹುಡುಗನ ಮೇಲೋ? ಈ ಪ್ರಶ್ನೆ ನಾವು ಕೇಳಲೇಬೇಕು.

ಖಾಸಗಿತನದ ವಿಷಯಕ್ಕೂ ಇದೇ ಗತಿ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟರು. ಆ ಕೇಸು ಹಾಕಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸರಿಯಾಗಿ ನಾಲ್ಕು ವರ್ಷ ಒಂದು ದಿನದ ನಂತರ ಬಂದ ಡ್ರೋನ್ ನಿಯಮಗಳಲ್ಲಿ ಖಾಸಗಿತನಕ್ಕೆ ಅಂತ ಒಂದು ಪ್ರತ್ಯೇಕ ನಿಯಮ ಇಲ್ಲ. ಎದುರು ಮನೆ ಅಜ್ಜಿಯ ಪ್ರಶ್ನೆ ಆ ನಿಯಮಗಳಲ್ಲಿ ಇರಬೇಕಿತ್ತು. ಹೆಣ್ಣುಮಕ್ಕಳನ್ನು ಕದ್ದು ಚಿತ್ರೀಕರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಇದೆ. ಆದರೆ ಅದು ತಪ್ಪು ನಡೆದ ಮೇಲಿನ ಮಾತು. ಪೊಲೀಸ್ ಡ್ರೋನ್ ಸೆರೆಹಿಡಿದ ನಮ್ಮ ಮುಖಗಳು ಎಷ್ಟು ದಿನ ಇರುತ್ತವೆ, ಯಾರು ನೋಡ್ತಾರೆ ಅನ್ನೋದನ್ನೂ ಬರವಣಿಗೆಯಲ್ಲಿ ಕೇಳಬೇಕು.

ಹಾಗಾದರೆ ಹಾರಿಸೋದು ಹೇಗೆ

ನನ್ನ ಮಟ್ಟಿಗೆ ಕೆಲವು ಕಟ್ಟುಪಾಡು ಮಾಡಿಕೊಂಡಿದ್ದೀನಿ. ದೊಮ್ಮಲೂರಿನಲ್ಲಿ, ಎಚ್‌ಎಎಲ್ ಸುತ್ತಮುತ್ತ, ಒಂದು ನಿಮಿಷಕ್ಕೂ ಇಲ್ಲ. ಬೇರೆ ಕಡೆ ಹೋದರೆ ಅವತ್ತೇ, ಅಲ್ಲೇ ನಕ್ಷೆ ನೋಡೋದು. 400 ಅಡಿ ಮೇಲೆ ಹೋಗಲ್ಲ. ಕಣ್ಣಿಗೆ ಕಾಣುವಷ್ಟು ದೂರ ಮಾತ್ರ. ಸ್ಕ್ರೀನ್ ನೋಡಿಕೊಂಡು ಎರಡು ಕಿಲೋಮೀಟರ್ ಕಳಿಸೋದು ಹಾರಿಸೋದಲ್ಲ, ಕಳೆದುಕೊಳ್ಳೋದು. ಜನರ ತಲೆ ಮೇಲೆ, ರಸ್ತೆ ಮೇಲೆ ಇಲ್ಲ. 250 ಗ್ರಾಂ ದಾಟಿದ ಡ್ರೋನ್ ಇದ್ದವರು ನೋಂದಣಿ ಮಾಡಿಸಿ ಗುರುತಿನ ಸಂಖ್ಯೆ ಪಡೆದ ಮೇಲೆ ಮಾತ್ರ ಹೊರಗೆ ತೆಗೆಯಬೇಕು.

ಆಮೇಲೆ ನಕ್ಷೆಯಲ್ಲಿ ಇಲ್ಲದ ನಿಯಮಗಳು. ಅಭಯಾರಣ್ಯ, ಮೀಸಲು ಅಷ್ಟೇ ಅಲ್ಲ, ಅದರ ಸುತ್ತಲಿನ ಹೊಲಗಳಲ್ಲೂ ಹಾರಿಸಲ್ಲ. ಪ್ರಾಣಿ ಕಂಡರೆ ಇಳಿಸ್ತೀನಿ, ಹಿಂಬಾಲಿಸಲ್ಲ. ಹಕ್ಕಿ ಎದ್ದು ಕೂಗಿದರೆ ಅಲ್ಲಿ ಗೂಡಿದೆ ಅಂತಲೇ ಅರ್ಥ. ಬೆಳಗಿನ ಜಾವ ಮತ್ತು ಸಂಜೆ ಒಳ್ಳೆ ಬೆಳಕು ನಿಜ, ಆದರೆ ಪ್ರಾಣಿಗಳು ಮೇಯೋ ಹೊತ್ತೂ ಅದೇ. ಎಲ್ಲಕ್ಕಿಂತ ಮೊದಲು, ಡ್ರೋನ್ ಬ್ಯಾಗಿನಿಂದ ತೆಗೆಯೋ ಮುಂಚೆ ಅಲ್ಲಿರುವ ಮನುಷ್ಯರನ್ನು ಹುಡುಕಿ ಮಾತಾಡಿಸೋದು. ಯಾರು, ಎಲ್ಲಿಂದ ಬಂದೆ, ಏನು ಮಾಡ್ತೀನಿ ಅಂತ ಹೇಳೋದು. ಬೇಡ ಅಂದರೆ ವಾಪಸ್. ಇದಕ್ಕೆ ಯಾವ ಆ್ಯಪ್ ಕೂಡ ಬೇಡ.

ಒಬ್ಬೊಬ್ಬರ ಒಳ್ಳೆತನದಿಂದ ಮಾತ್ರ ಇದು ಆಗಲ್ಲ. ಮೂರು ವಿಷಯ ನಾವು ಸರ್ಕಾರದಿಂದ ಕೇಳಬೇಕು. ಒಂದು, ಡ್ರೋನ್ ನಕ್ಷೆ ಕನ್ನಡದಲ್ಲಿ ಬರಲಿ. ಅದರಲ್ಲೇ ಅರಣ್ಯ, ಮೀಸಲು, ಹುಲ್ಲುಗಾವಲು, ಗೋಮಾಳಗಳು ಎದ್ದು ಕಾಣುವಂತೆ ಇರಲಿ, ಎಲ್ಲಿ ಯಾರ ಅನುಮತಿ ಬೇಕು ಅಂತ ಬರೆದಿರಲಿ. ಎರಡು, ಬೆಂಗಳೂರಿನ ಹೊರವಲಯದಲ್ಲಿ ಹವ್ಯಾಸಿಗಳಿಗೆ, ವಿದ್ಯಾರ್ಥಿಗಳಿಗೆ ಒಂದು ಸಾರ್ವಜನಿಕ ಹಾರಾಟದ ಮೈದಾನ ಬೇಕು. ಕಲಿಯೋಕೆ ಜಾಗ ಕೊಡದೆ ‘ಡ್ರೋನ್ ಹಬ್’ ಅಂದರೆ ಹುಡುಗರು ಟೆರೇಸಿಗೂ ಹುಲ್ಲುಗಾವಲಿಗೂ ಹೋಗ್ತಾರೆ. ಮೂರು, ಪೊಲೀಸ್ ಮತ್ತು ಸರ್ವೆ ಡ್ರೋನ್‌ಗಳಿಗೂ ಲಿಖಿತ ನಿಯಮ ಬೇಕು. ಹಳ್ಳಿಯ ಮೇಲೆ ಡ್ರೋನ್ ಹಾರಿಸೋ ಮೊದಲು ಗ್ರಾಮಸಭೆಗೆ ಯಾಕೆ ಅಂತ ಹೇಳಬೇಕು.

ಆ ದಿನ ಡ್ರೋನ್ ಬ್ಯಾಗಿಗೆ ಹಾಕಿ, ಚೆದುರಿದ ಕುರಿ ಒಟ್ಟುಗೂಡಿಸೋಕೆ ಆ ಹಿರಿಯರ ಜೊತೆ ಅರ್ಧ ಗಂಟೆ ಓಡಾಡಿದೆ. ಆ ಅರ್ಧ ಗಂಟೆಯಲ್ಲಿ ಅವರು ತೋರಿಸಿದ್ದು: ಮಳೆಗಾಲದಲ್ಲಿ ನೀರು ನಿಲ್ಲೋ ಗುಂಡಿ, ಮೊಲದ ಹೆಜ್ಜೆ, ಟಿಟ್ಟಿಭ ಗೂಡು ಮಾಡೋ ಕಲ್ಲುಹಾಸು, ಅವರಪ್ಪ ಮೇಯಿಸ್ತಿದ್ದ ಗಡಿ. ನೂರಿಪ್ಪತ್ತು ಮೀಟರ್ ಮೇಲಿಂದ ಅದೆಲ್ಲ ಒಂದೇ ಕಂದು ಬಣ್ಣದಲ್ಲಿ ಕಾಣ್ತಿತ್ತು.

ಹೊರಡುವಾಗ ಅವರು ಮತ್ತೆ ಕೇಳಿದರು: ‘ದಿಟವಾಗ್ಲೂ ಸೋಲಾರ್‌ನೋರಲ್ಲ ತಾನೆ?’ ಅಲ್ಲ ಅಂದೆ. ಇನ್ನೂ ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ. ನಂಬಿಸೋದು ಅವರ ಕೆಲಸ ಅಲ್ಲ, ಮೇಲಿಂದ ನೋಡೋಕೆ ಬಂದ ನಮ್ಮ ಕೆಲಸ.